ಹಾಳೆ ಸಂಖ್ಯೆ ೨೧೧೭

ಮೂವತ್ತೊಂದು ವರ್ಷ ನಾನು ಹೂಗಳಿಗೆ ಗೋಂದು ಹಚ್ಚಿದವಳು.
ಶಿವಮೊಗ್ಗದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಹಿಂಕೋಣೆ,
ಎಂಟು ಕಬ್ಬಿಣದ ಬೀರು, ನುಸಿಗುಳಿಗೆಯ ವಾಸನೆ,
ಗಂಡ ಸತ್ತ ಮೇಲೆ ಅನುಕಂಪದಲ್ಲಿ ಸಿಕ್ಕ ಕೆಲಸ.
ಉಡುಪ ಮೇಷ್ಟ್ರು ಗುಡ್ಡದಿಂದ ತಂದು ಸುರಿದದ್ದನ್ನು
ಹಳೆ ಪತ್ರಿಕೆಯ ನಡುವೆ ಮಲಗಿಸಿ, ಹಲಗೆ ಬಿಗಿದು,
ದಿನಕ್ಕೊಮ್ಮೆ ಹಾಳೆ ಬದಲಿಸಿ
(ಕೂಸಿನ ಒದ್ದೆಬಟ್ಟೆ ಬದಲಿಸಿದ ಹಾಗೆಯೇ)
ನೀರೆಲ್ಲ ಆರಿದ ಮೇಲೆ
ಸೂಜಿದಾರದಲ್ಲಿ ದಂಟನ್ನು ರಟ್ಟಿಗೆ ಹೊಲಿದವಳು.

ಹೂವೆಂದರೆ ನನಗೆ ಚಹಾ ಚರಟದ ಬಣ್ಣ.
ನೇರಳೆ ಅಂತ ಚೀಟಿಯಲ್ಲಿ ಬರೆದಿರುತ್ತಿದ್ದರು,
ನಾನು ನಂಬುತ್ತಿದ್ದೆ,
ಸತ್ತವರು ಒಳ್ಳೆಯವರಿದ್ದರು ಅಂದರೆ ನಂಬುವ ಹಾಗೆ.

ಹಾಳೆ ೨೧೧೭. ಕುದುರೆಮುಖ. ಹುಲ್ಲುಬೆಟ್ಟ. ಸೆಪ್ಟೆಂಬರ್.
ಹೂ: ನೇರಳೆ, ಗಂಟಲಲ್ಲಿ ಹಳದಿ.
ಆ ಹಳದಿ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು
ಪಿಂಚಣಿ ಶುರುವಾದ ಮೇಲೂ.

ಅದಕ್ಕೇ ಹೋದೆ, ತಂಗಿ ಮಗಳು ವಾರಿಜಳನ್ನು ಕರೆದುಕೊಂಡು.
ಗೇಟಿನಲ್ಲಿ ನೀರಿನ ಬಾಟಲಿ ಎಣಿಸಿದರು,
ಚಕ್ಕುಲಿಯ ಪೊಟ್ಟಣ ಬಿಚ್ಚಿಸಿ ಪ್ಲಾಸ್ಟಿಕ್ ಇಟ್ಟುಕೊಂಡರು,
ಚಕ್ಕುಲಿ ಸೆರಗಿಗೆ ಬಂತು.
ದಾರಿ ತೋರುವವನ ಹೆಸರು ಪೂವಪ್ಪ.
ಹೂವನ್ನು ಹೆಸರಲ್ಲೇ ಇಟ್ಟುಕೊಂಡಿದ್ದೀಯಲ್ಲ ಮಾರಾಯ, ಅಂದೆ.
ಅದು ಅಜ್ಜನದ್ದು, ಅಂದ.
ಜಿಗಣೆಗೆ ಸುಣ್ಣ ಹೊಗೆಸೊಪ್ಪಿನ ಗಂಟು ಕಟ್ಟಿದ ಕೋಲು ಕೊಟ್ಟ.

ಕಾಡಿನ ಕತ್ತಲೆ ದಾಟಿ ಹೊರಬಿದ್ದರೆ
ಬೆಟ್ಟಕ್ಕೆ ಬೆಟ್ಟವೇ...
ಏನೆನ್ನಲಿ, ನನಗೆ ಬಣ್ಣದ ಹೆಸರೇ ಕಡಿಮೆ.
ಒದ್ದೆ ಬಂಡೆಯ ಮೇಲೆ ಉಗುರಿಗಿಂತ ಸಣ್ಣ ನೀಲಿ,
ಹುಲ್ಲಿನೊಳಗೆ ಗುಲಾಬಿ ಕರ್ಣಕುಂಡಲ,
ಜೌಗಿನ ತುಂಬ ಅಂಗಿಯ ಬಿಳಿ ಗುಂಡಿ ಚೆಲ್ಲಿದಂತೆ ಇನ್ನೇನೋ,
ಎಲ್ಲ ಒಟ್ಟಿಗೆ ಅಲುಗುತ್ತಿತ್ತು.
ಅಲುಗುತ್ತದೆ ಅಂತ ಯಾವ ಚೀಟಿಯಲ್ಲೂ ಇರಲಿಲ್ಲ.

ಇದು ಯಾವುದು ದೊಡ್ಡಮ್ಮ?
ಗೊತ್ತಿಲ್ಲ.
ಇದು?
ಗೊತ್ತಿಲ್ಲ ಕಣೇ.
ತಿಂದ ಸರ್ಕಾರಿ ಅನ್ನ ಹೊಟ್ಟೆಯಲ್ಲೇ ನಾಚಿತು.
ಕೈ ಮಾತ್ರ ಅಭ್ಯಾಸಬಲದಿಂದ ಒಂದರ ಬುಡಕ್ಕೆ ಹೋಯಿತು;
ಪೂವಪ್ಪ ಕೆಮ್ಮಿದ. ಕೀಳುವ ಹಾಗಿಲ್ಲಮ್ಮ.

ಆಮೇಲೆ ಕಣಿವೆಯಿಂದ ಮಂಜು ಹತ್ತಿ ಬಂತು.
ನೀಲಿ ಹೋಯಿತು, ಗುಲಾಬಿ ಹೋಯಿತು,
ವಾರಿಜಳ ಕೆಂಪು ಸ್ವೆಟರೂ ಹೋಯಿತು.
ಉಳಿದದ್ದು ಬೂದಿಬಣ್ಣದ ದಂಟು, ಕತ್ತಿನ ಬಾಗು, ಎಲೆಯಂಚಿನ ಗರಗಸ.
ತಡಿ, ಅಂದೆ.
ಇವಳು ಮೂರನೇ ಬೀರು, ಮೇಲಿನ ಖಾನೆ.
ಇವಳ ಬಾಲ ನೋಡು, ಹಿಂದಕ್ಕೆ ಸುತ್ತಿದೆ,
ಅಂಟಿಸುವಾಗ ಯಾವತ್ತೂ ಮುರಿಯುತ್ತಿತ್ತು, ಬೈಸಿಕೊಳ್ಳುತ್ತಿದ್ದೆ.
ಇವನು ಒಣಗಲು ಹನ್ನೆರಡು ದಿನ ಹಟ ಹಿಡಿದವನು,
ಬೆನ್ನಿಗಿದ್ದ ಪತ್ರಿಕೆಯಲ್ಲಿ ಚಿನ್ನ ಅಗ್ಗವಾದ ಸುದ್ದಿ.
ಹೆಸರು ಒಂದೊಂದೇ ಬಾಯಿಗೆ ಬಂತು,
ಅರ್ಥ ಗೊತ್ತಿಲ್ಲದ ಉದ್ದುದ್ದ ಲ್ಯಾಟಿನ್, ಮಂತ್ರದಂತೆ.
ಮತ್ತೆ ಇದು
(ಮಂಡಿಯೂರಿದೆ, ಸೀರೆ ನೆನೆಯಿತು)
ಅದೇ ಸೊಟ್ಟ ಕತ್ತು, ಅದೇ ಜೋಡಿ ಎಲೆ.
ಗಂಟಲು ಕಾಣದು.

ಕಾದೆವು.
ಪೂವಪ್ಪ ಬೀಡಿಯನ್ನು ಹಚ್ಚದೆ ಕಿವಿಗೆ ಸಿಕ್ಕಿಸಿ ಕೂತ.
ಗಾಳಿ ಒಂದು ಗಳಿಗೆ ಪರದೆ ಸರಿಸಿತು.

ಹಳದಿ.
ಮೇಷ್ಟ್ರು ಸುಳ್ಳು ಬರೆದಿರಲಿಲ್ಲ.
ಆದರೆ ಇಷ್ಟು, ಅಂತಲೂ ಬರೆದಿರಲಿಲ್ಲ.

ವಾಪಸು ಬರುವಾಗ ಬಸ್ಸಿನ ಕಿಟಕಿ ಸೋರುತ್ತಿತ್ತು.
ಒದ್ದೆ ಸೀಟಿಗೆ ಹಾಸಲು ಕೊಂಡ ಪತ್ರಿಕೆಯನ್ನು
ಕೈ ತಾನಾಗಿ ನಾಲ್ಕು ಮಡಿಸಿತು, ಅಂಚಿಗೆ ಅಂಚು ಕೂಡಿಸಿ.
ಒಳಗೇನಿಟ್ಟೆ? ವಾರಿಜ ಪಿಸುಗುಟ್ಟಿದಳು, ಗೇಟಿನ ಕಡೆ ನೋಡುತ್ತ.
ಏನಿಲ್ಲ, ಅಂದೆ.
ಅದರ ಮೇಲೆ ಪೂರ್ತಿ ಭಾರ ಬಿಟ್ಟು ಕೂತೆ,
ಕೊಪ್ಪದ ತನಕ.